ಹತ್ತಕ್ಕೆ ಒಂಬತ್ತು

"ಈ ವರ್ಷ ನೋಡ್ತಿರು! ನಾನು ಬರೆಯೋ ಹಿನ್ನೋಟ ಓದಿದವರು ಕುರ್ಚಿ ಬಿಟ್ಟು ಎದ್ದು ನಿಲ್ಲಬೇಕು!"

ಡಿಸೆಂಬರ್ ತಿಂಗಳ ಮೊದಲ ಭಾನುವಾರ, ಅರ್ಧ ಮುಖಕ್ಕೆ ಸೋಪಿನ ನೊರೆ ಬಳಿದುಕೊಂಡು, ಬಚ್ಚಲುಮನೆಯ ಕನ್ನಡಿಯ ಎದುರು ನಿಂತು ಟ್ರೈಲರ್ ಸಾಹೇಬರು ಮಾಡಿದ ಘೋರ ಪ್ರತಿಜ್ಞೆ ಇದು. ಕೇಳಿಸಿಕೊಂಡವರು ಕನ್ನಡಿಯೊಳಗಿದ್ದ ಇನ್ನೊಬ್ಬ ಸಾಹೇಬರು ಮಾತ್ರ. ಹೆಂಡತಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಕೇಳಿಸಿದ್ದರೂ ಏನೂ ಅನ್ನುತ್ತಿರಲಿಲ್ಲ ಬಿಡಿ. ಅತ್ತೆ ತೀರಿಕೊಂಡ ಮೇಲೆ ಆಕೆಯ ಮಾತು "ಊಟ ಆಯ್ತಾ", "ಬಾಗಿಲು ಹಾಕಿ" ಎಂಬಲ್ಲಿಗೆ ಬಂದು ನಿಂತಿತ್ತು.

ಸಾಹೇಬರು ಲಿಫ್ಟ್ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ದೂರು ವಿಭಾಗದ ಮುಖ್ಯಸ್ಥರು. ಆ ಕಂಪನಿಗೆ ಒಂದು ಮಾಸಪತ್ರಿಕೆ. ಎಂಟು ಪುಟ. ಆರು ಪುಟಗಳಲ್ಲಿ ಮಾಲೀಕರು ನಾನಾ ಭಂಗಿಗಳಲ್ಲಿ ರಿಬ್ಬನ್ ಕತ್ತರಿಸುತ್ತಿರುತ್ತಾರೆ. ಉಳಿದೆರಡು ಪುಟ ಸಿಬ್ಬಂದಿಯ ಸಾಹಿತ್ಯ ಸೇವೆಗೆ ಮೀಸಲು. ವರ್ಷದ ಕೊನೆಯ ಸಂಚಿಕೆಯಲ್ಲಿ "ಈ ವರ್ಷ ನಾನು ಓದಿದ್ದು, ನೋಡಿದ್ದು" ಎಂದು ಪುಸ್ತಕ, ಸಿನಿಮಾ, ಟಿವಿಗಳ ಹಿನ್ನೋಟ ಬರೆಯುವುದು ಸಾಹೇಬರ ಜನ್ಮಸಿದ್ಧ ಹಕ್ಕು. ಪತ್ರಿಕೆಯ ಸಂಪಾದಕರು, ಬೆಳಗಿನ ಹೊತ್ತು ನಟ್ಟು ಬೋಲ್ಟು ಎಣಿಸುವ ಸ್ಟೋರ್ ಕೀಪರ್.

ಈ ಸ್ಟೋರ್ ಕೀಪರನೇ ಹೋದ ವರ್ಷ ಮರ್ಯಾದೆ ಕಳೆದವನು! ಒಂದು ಸಿನಿಮಾದ ಬಗ್ಗೆ ಸಾಹೇಬರು "ಕೊನೆಯ ದೃಶ್ಯದಲ್ಲಿ ನಾಯಕನ ಅಭಿನಯ ಕರುಳು ಕಿವುಚುತ್ತದೆ" ಎಂದು ಬರೆದಿದ್ದರು. ಸ್ಟೋರ್ ಕೀಪರ್ ಕ್ಯಾಂಟೀನಿನಲ್ಲಿ, ಎಲ್ಲರ ತಟ್ಟೆಯ ಮುಂದೆ, ಬಾಯಿ ಬಿಟ್ಟ.

"ಸಾರ್, ಆ ಸಿನಿಮಾದಲ್ಲಿ ನಾಯಕ ಹತ್ತನೇ ನಿಮಿಷಕ್ಕೇ ಸತ್ತು ಹೋಗ್ತಾನೆ. ಕೊನೇ ದೃಶ್ಯದಲ್ಲಿ ಅಭಿನಯ ಮಾಡಿದ್ದು ಯಾರು, ಅವನ ಹೆಣಾನಾ?"

ಸಾಹೇಬರು ನೋಡಿದ್ದು ಎರಡು ನಿಮಿಷದ ಟ್ರೈಲರ್ ಮಾತ್ರ ಎಂಬುದು ಅಲ್ಲಿಗೆ ಬಯಲಾಯಿತು. ಪುಸ್ತಕಗಳ ಕಥೆಯೂ ಅಷ್ಟೇ, ಹಿಂದಿನ ರಕ್ಷಾಪುಟ ಓದಿದರೆ ಮುಗಿಯಿತು. ಅವತ್ತಿನಿಂದ ಅವರ ಹೆಸರು ಟ್ರೈಲರ್. ಲಿಫ್ಟಿನಲ್ಲಿ ಸಿಕ್ಕಿಕೊಂಡವರೂ ಫೋನ್ ಮಾಡಿ "ಟ್ರೈಲರ್ ಸಾರ್ ಇದ್ದಾರಾ" ಎಂದು ಕೇಳುವ ಮಟ್ಟಕ್ಕೆ ಅದು ಹರಡಿತ್ತು.

ಆದರೆ ಈ ಸಲದ ಪ್ರತಿಜ್ಞೆಗೆ ಕಾರಣ ಸ್ಟೋರ್ ಕೀಪರ್ ಅಲ್ಲ. ಕಾರಣ ಅಕ್ಕ.

ಫೆಬ್ರವರಿಯಲ್ಲಿ ಸಾಹೇಬರ ತಾಯಿಗೆ ಬೆನ್ನುಮೂಳೆಯಲ್ಲಿ ಗಡ್ಡೆ ಎಂದು ಗೊತ್ತಾಯಿತು. ಮನೆಯ ಹಿಂದಿನ ಕೋಣೆಗೆ ಬಾಡಿಗೆಯ ಆಸ್ಪತ್ರೆ ಮಂಚ ಬಂತು. ನವೆಂಬರಿನಲ್ಲಿ ಅಮ್ಮ ಹೋದರು. ಸುಟ್ಟು ಬರುವಾಗ ಕಾರಿನಲ್ಲಿ, ದೂರದ ಊರಿನಿಂದ ಓಡಿ ಬಂದಿದ್ದ ಅಕ್ಕ, ಡ್ರೈವರ್ ಕೇಳಿಸಿಕೊಳ್ಳುತ್ತಿದ್ದಾನೆಂಬ ಪರಿವೆಯೂ ಇಲ್ಲದೆ ಕೇಳಿಬಿಟ್ಟಳು.

"ಒಂಬತ್ತು ತಿಂಗಳು ಒಂದೇ ಮನೇಲಿದ್ಯಲ್ಲೋ. ಒಂದು ದಿನವಾದ್ರೂ ಅವಳ ಪಕ್ಕ ಕೂತಿದ್ಯಾ?"

ಸಾಹೇಬರು ಕಿಟಕಿಯ ಆಚೆ ನೋಡಿದರು. ಅಕ್ಕ ಊರಿಗೆ ಹೋದವಳು ಮತ್ತೆ ಫೋನ್ ಮಾಡಲಿಲ್ಲ.

ಸುಳ್ಳು ಯಾಕೆ ಹೇಳಬೇಕು, ಸಾಹೇಬರು ಕೆಟ್ಟ ಮಗನೇನಲ್ಲ. ದಿನಾ ಬೆಳಿಗ್ಗೆ ಆಫೀಸಿಗೆ ಹೊರಡುವಾಗ ತಪ್ಪದೆ ಆ ಕೋಣೆಯ ಹೊಸ್ತಿಲಿಗೆ ಹೋಗುತ್ತಿದ್ದರು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. "ಹೇಗಿದ್ದೀಯಮ್ಮ?" ಎನ್ನುತ್ತಿದ್ದರು. "ಚೆನ್ನಾಗಿದ್ದೀನಿ ಕಣೋ, ನೀ ಹೊರಡು, ಹೊತ್ತಾಯ್ತು" ಎಂದು ಅಮ್ಮ ಅನ್ನುತ್ತಿದ್ದರು. ಸಾಯಂಕಾಲವೂ ಅದೇ ಪ್ರಶ್ನೆ, ಅದೇ ಉತ್ತರ. ಸಾಹೇಬರಿಗೆ ಆ ಉತ್ತರ ತುಂಬಾ ಇಷ್ಟ. ಅದನ್ನು ಕೇಳಿದ ಮೇಲೆ ಒಳಗಿದ್ದ ಕಾಲನ್ನೂ ಹೊರಗೆ ತೆಗೆಯಬಹುದಿತ್ತು.

ಈಗ ಹಿನ್ನೋಟ ಬರೆಯಬೇಕು. ಅದು ಅಕ್ಕನಿಗೆ ಕೊಡುವ ಉತ್ತರವೂ ಆಗಬೇಕು. ಗಡ್ಡ ಮುಗಿಸಿ ಬಂದು ಕಾಗದ ಪೆನ್ನು ಹಿಡಿದು ಕೂತ ಸಾಹೇಬರು ಇಡೀ ವರ್ಷವನ್ನು ನೆನಪಿಸಿಕೊಂಡರು. ಹದಿನೇಳನೇ ಪುಟಕ್ಕೆ ಬಸ್ ಟಿಕೆಟ್ ಸಿಕ್ಕಿಸಿಟ್ಟ ನಾಲ್ಕು ಪುಸ್ತಕ. ಸೋಫಾದ ಮೇಲೆ ಬಾಯಿ ಬಿಟ್ಟುಕೊಂಡು ಮಲಗಿ ನೋಡಿದ ಆರು ಸಿನಿಮಾ. ಒಂದರಲ್ಲಿ ಕಾರು ಹಳ್ಳಕ್ಕೆ ಬಿದ್ದದ್ದು ನೆನಪಿತ್ತು. ಬಿದ್ದದ್ದು ಯಾಕೆ, ಯಾರಿದ್ದರು, ದೇವರೇ ಬಲ್ಲ! ಕಾಗದ ಖಾಲಿಯಾಗಿಯೇ ಉಳಿಯಿತು.

ಆಗ ಹೆಂಡತಿ ಬಂದು ಹೇಳಿದಳು. "ಮಂಚ ವಾಪಸ್ ತಗೊಂಡು ಹೋಗೋಕೆ ಅಂಗಡಿಯವರು ಬರ್ತಾರೆ. ಹಾಸಿಗೆ ಎತ್ತಿಡಿ. ನನ್ನ ಕೈಲಾಗಲ್ಲ. ನಾನು ತರಕಾರಿಗೆ ಹೋಗ್ತೀನಿ."

ಸಾಹೇಬರು ಹಾಸಿಗೆ ಎತ್ತಿದರು. ಅದರಡಿಯಲ್ಲಿ ಒಂದು ನೋಟ್ ಪುಸ್ತಕ!

ಹೆಂಡತಿಯ ಕೈಬರಹ. ಎಡಗಡೆ ತಾರೀಖು, ನಡುವೆ ನೋಡಿದ್ದರ ಅಥವಾ ಓದಿದ್ದರ ಹೆಸರು, ಬಲಗಡೆ ಒಂದು ಅಂಕಿ. ಮೊದಲ ಪುಟದ ತುದಿಯಲ್ಲಿ "ಹತ್ತಕ್ಕೆ" ಎಂದು ಬರೆದು ಕೆಳಗೆ ಗೆರೆ ಎಳೆದಿತ್ತು. ಅಮ್ಮನಿಗೆ ಯಾವುದರ ಹೆಸರೂ ನೆನಪಿರುತ್ತಿರಲಿಲ್ಲ, ತಾವೇ ಒಂದು ಇಡುತ್ತಿದ್ದರು. ಹೆಂಡತಿ ಅದನ್ನೇ ಬರೆದಿದ್ದಳು. ಅಂಚೆಯವನ ಸಿನಿಮಾ, 9. ಗಡಿಯಾರ ರಿಪೇರಿಯವನ ಕಾದಂಬರಿ, ಮೊದಲ ಅಧ್ಯಾಯ 4, ಎರಡು 5, ಮೂರು 7. ಜಿರಾಫೆ ಕಾರ್ಯಕ್ರಮ, 3. ಕುಂಟ ಪತ್ತೇದಾರನ ಸಿನಿಮಾ, ಮಧ್ಯಂತರಕ್ಕೆ ಮುಂಚೆ 3, ಆಮೇಲೆ 8.

ಸಾಹೇಬರು ಮಂಚದ ಮೇಲೆ ಕುಸಿದು ಕೂತರು. ಸಂತೋಷಕ್ಕೆ! ನಲವತ್ತು ಸಿನಿಮಾ, ಹನ್ನೊಂದು ಪುಸ್ತಕ, ಲೆಕ್ಕವಿಲ್ಲದಷ್ಟು ಟಿವಿ. ಎಲ್ಲಕ್ಕೂ ವಿಮರ್ಶೆ, ಅದೂ ಅಂಕಗಳ ಸಮೇತ! ಹೆಂಡತಿಯ ನಿಷ್ಪಕ್ಷಪಾತತೆಯನ್ನು ಕಂಡು ಅವರು ಬೆರಗಾಗಿಹೋದರು. ಸಂಜೆ ಏಳಕ್ಕೆ ಬರುತ್ತಿದ್ದ ಅವಳಿ ಸೊಸೆಯರ ಧಾರಾವಾಹಿಗೆ ಅತ್ತೆ ಸೊಸೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದದ್ದು ಮುಂದಿನ ಕೋಣೆಗೂ ಕೇಳಿಸುತ್ತಿತ್ತು. "ಸ್ವಲ್ಪ ಸೌಂಡ್ ಕಮ್ಮಿ ಮಾಡ್ರೇ" ಎಂದು ಎಷ್ಟು ಸಲ ಕೂಗಿದ್ದಾರೋ. ಆ ಧಾರಾವಾಹಿಗೆ ಇಲ್ಲಿ 2, 1, 2, 1! ಅಷ್ಟೊಂದು ನಕ್ಕು, ಆಮೇಲೆ ಕಲ್ಲು ಮನಸ್ಸು ಮಾಡಿ ಒಂದು ಅಂಕ ಕೊಡುವ ವಿಮರ್ಶಕಿ ತಮ್ಮ ಮನೆಯಲ್ಲೇ ಇದ್ದಾಳಲ್ಲ ಎಂದು ಅವರ ಎದೆ ಉಬ್ಬಿತು.

ಹೆಂಡತಿ ತರಕಾರಿ ತರುವಷ್ಟರಲ್ಲಿ ನಕಲು ಮುಗಿದಿತ್ತು. ನೋಟ್ ಪುಸ್ತಕ ಅಲ್ಮೇರಾ ಸೇರಿತ್ತು. ಮಂಚ ಟೆಂಪೋ ಹತ್ತಿತ್ತು.

ಲೇಖನ ತಾನಾಗಿಯೇ ಹರಿಯಿತು. ತಲೆಬರಹ: "ಅಮ್ಮ ಮತ್ತು ನಾನು". ಮೊದಲ ವಾಕ್ಯ ಹೀಗಿತ್ತು. "ಈ ವರ್ಷ ಪ್ರತಿ ಸಂಜೆ ಅಮ್ಮನ ಮಂಚದ ಪಕ್ಕ ಕೂತು, ಅವಳ ಕೈ ಹಿಡಿದು, ನಾವಿಬ್ಬರೂ ಓದಿದ್ದು, ನೋಡಿದ್ದು ಇವು, ಅಂಕ ಕೊಟ್ಟವಳು ಅಮ್ಮ, ಬರೆದುಕೊಂಡವನು ನಾನು." ಹೆಂಡತಿಯ ಅಂಕಗಳನ್ನು ಅಮ್ಮನ ಹೆಸರಿಗೆ ವರ್ಗಾಯಿಸಿದ್ದು ಒಂದು ಸಣ್ಣ ಅಪಚಾರ. ಕೈ ಹಿಡಿದದ್ದು ಸ್ವಲ್ಪ ದೊಡ್ಡದು. ಆದರೆ ಬರೆಯುತ್ತಾ ಬರೆಯುತ್ತಾ ಸಾಹೇಬರಿಗೇ ಅದು ನಡೆದಂತೆ ಅನ್ನಿಸತೊಡಗಿತು. ಒಂದೆರಡು ಕಡೆ ಕಣ್ಣೊರೆಸಿಕೊಂಡರು ಕೂಡ.

"ಅಂಚೆಯವನ ಸಿನಿಮಾ ವರ್ಷದ ಸರ್ವಶ್ರೇಷ್ಠ ಕೃತಿ! ಅಮ್ಮ ಹತ್ತಕ್ಕೆ ಒಂಬತ್ತು ಕೊಟ್ಟಳು." "ಕುಂಟ ಪತ್ತೇದಾರನ ಚಿತ್ರ ಮಧ್ಯಂತರದವರೆಗೆ ಕುಂಟುತ್ತದೆ, ಆಮೇಲೆ ಎಲ್ಲಿಗೋ ಏರುತ್ತದೆ!" "ಗಡಿಯಾರ ರಿಪೇರಿಯವನ ಕಾದಂಬರಿ ಅಧ್ಯಾಯದಿಂದ ಅಧ್ಯಾಯಕ್ಕೆ ತೀವ್ರವಾಗುತ್ತಾ ಹೋಗುತ್ತದೆ." "ಅವಳಿ ಸೊಸೆಯರ ಧಾರಾವಾಹಿ ವರ್ಷದ ಕಸ. ಅಮ್ಮ ಎರಡಕ್ಕಿಂತ ಹೆಚ್ಚು ಕೊಡಲು ಮನಸ್ಸು ಮಾಡಲಿಲ್ಲ."

ಪತ್ರಿಕೆ ಬಂದ ದಿನ ಆಫೀಸಿನಲ್ಲಿ ಅಲ್ಲೋಲಕಲ್ಲೋಲ! ಟೈಪಿಸ್ಟ್ ಅತ್ತಳು. ಮಾಲೀಕರು ತಮ್ಮ ಫೋಟೊ ಇರುವ ಆರೂ ಪುಟಗಳನ್ನು ದಾಟಿ ಏಳನೇ ಪುಟ ಓದಿದರು. ಸ್ಟೋರ್ ಕೀಪರ್ ಕ್ಯಾಂಟೀನಿನಲ್ಲಿ, ಅದೇ ತಟ್ಟೆಗಳ ಮುಂದೆ, ಸಾಹೇಬರ ಎರಡೂ ಕೈ ಹಿಡಿದುಕೊಂಡ.

"ಸಾರ್, ಇನ್ಮೇಲೆ ನಿಮ್ಮನ್ನ ಯಾವನಾದ್ರೂ ಟ್ರೈಲರ್ ಅಂದ್ರೆ ಅವನಿಗೆ ಒಂದು ಸ್ಕ್ರೂ ಕೂಡ ಕೊಡಲ್ಲ ನಾನು. ನಮ್ಮಮ್ಮ ಸಾಯೋವಾಗ ನಾನು ಸ್ಟಾಕ್ ತಪಾಸಣೆಲಿದ್ದೆ ಸಾರ್. ನೀವು ಪುಣ್ಯವಂತರು."

"ಅಯ್ಯೋ, ಮಗನಾದವನು ಅಷ್ಟೂ ಮಾಡದಿದ್ರೆ ಹೇಗಪ್ಪಾ?" ಎಂದರು ಸಾಹೇಬರು, ತಲೆ ತಗ್ಗಿಸಿ. ತಗ್ಗಿಸಿದ ತಲೆಯೊಳಗೆ ಬ್ಯಾಂಡು ಮೊಳಗುತ್ತಿತ್ತು.

ಮುಖ್ಯವಾದದ್ದು ಇನ್ನೂ ಉಳಿದಿತ್ತು. ಪುಟದ ಫೋಟೊ ತೆಗೆದು ಅಕ್ಕನಿಗೆ ಕಳಿಸಿದರು. ಎರಡು ದಿನ ಸದ್ದಿಲ್ಲ. ಭಾನುವಾರ ಬೆಳಿಗ್ಗೆ ಫೋನ್ ಬಂತು.

"ತಪ್ಪಾಯ್ತು ಕಣೋ," ಎಂದಳು ಅಕ್ಕ. ಆ ಧ್ವನಿಯಲ್ಲೇ ಗೊತ್ತಾಗುತ್ತಿತ್ತು, ಅತ್ತು ಮುಗಿಸಿ ಮಾತಾಡುತ್ತಿದ್ದಾಳೆ ಎಂದು. "ಅವತ್ತು ಕಾರಲ್ಲಿ ನಾನು ಹಾಗೆ ಕೇಳಬಾರದಿತ್ತು. ನೀನಾದ್ರೂ ಬಾಯಿಬಿಟ್ಟು ಹೇಳಬಾರದಿತ್ತೇನೋ?"

"ಇರ್ಲಿ ಬಿಡಕ್ಕ. ಹೇಳಿಕೊಳ್ಳೋದೇನಿದೆ?"

"ನಿನ್ನೆ ಆ ಅಂಚೆಯವನ ಸಿನಿಮಾ ಹುಡುಕಿ ನೋಡಿದ್ವಿ. ನಿಜ ಹೇಳ್ತೀನಿ, ನಂಗೇನೂ ಅನ್ನಿಸ್ಲಿಲ್ಲ. ಅಮ್ಮ ಒಂಬತ್ತು ಕೊಟ್ಟಿದ್ದಾಳೆ ಅಂದ್ರೆ ಏನೋ ಇರಬೇಕು, ನಂಗೇ ತಿಳೀಲಿಲ್ಲ ಅಂತ ಇನ್ನೊಂದು ಸಲ ನೋಡಿದೆ. ಇನ್ಮೇಲೆ ಪ್ರತಿ ವರ್ಷ ಅಮ್ಮ ಹೋದ ದಿನ ನಾವೆಲ್ಲ ಕೂತು ಅದನ್ನೇ ನೋಡೋದು ಅಂತ ಮಾಡಿದ್ದೀವಿ. ನೀನೂ ಅಲ್ಲಿ ನೋಡು. ಅವಳು ಖುಷಿಯಾಗಿದ್ದ ದಿನ ಅಂತ ಒಂದಾದ್ರೂ ಉಳೀಲಿ."

ಫೋನ್ ಇಟ್ಟ ಸಾಹೇಬರು ನೆಲದ ಮೇಲೆ ನಡೆಯುತ್ತಿರಲಿಲ್ಲ. ತೇಲುತ್ತಲೇ ಅಡುಗೆಮನೆಗೆ ಹೋದರು. ಪತ್ರಿಕೆಯನ್ನು ಹೆಂಡತಿಯ ಮುಂದೆ ಹಿಡಿದರು. ಇನ್ನೇನು, ಈಕೆಯೂ ಓದಿ, ಒಂದು ಸಲ ನಕ್ಕುಬಿಟ್ಟರೆ, ಮನೆ ಮತ್ತೆ ಮನೆಯಾದೀತು!

ಹೆಂಡತಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ನಿಂತೇ ಓದಿದಳು. ಓದುತ್ತಾ ಓದುತ್ತಾ ಒಲೆ ಆರಿಸಿದಳು.

"ರೀ, ಈ ಅಂಕಗಳು ಎಲ್ಲಿ ಸಿಕ್ವು ನಿಮಗೆ?"

"ಎಲ್ಲಿ ಸಿಗುತ್ತೆ? ನಿನ್ನ ನೋಟ್ ಪುಸ್ತಕದಲ್ಲಿ! ಇಷ್ಟು ದೊಡ್ಡ ವಿಮರ್ಶಕಿಯನ್ನ ಕಟ್ಟಿಕೊಂಡಿದ್ದೀನಿ ಅಂತ ನಂಗೆ ಗೊತ್ತೇ ಇರಲಿಲ್ಲ ನೋಡು!"

"ಅದು ಸಿನಿಮಾಕ್ಕೆ ಕೊಟ್ಟ ಅಂಕ ಅಂದ್ಕೊಂಡ್ರಾ?"

"ಮತ್ತಿನ್ನೇನು?"

"ಅದು ನೋವು."

ಸಾಹೇಬರು ಪತ್ರಿಕೆಯ ಕಡೆ ಬಗ್ಗಿ ಅಂಕಿಗಳನ್ನು ಮತ್ತೊಮ್ಮೆ ನೋಡಿದರು.

"ವಾರಕ್ಕೊಂದು ಸಲ ನರ್ಸಮ್ಮ ಬರ್ತಿದ್ರಲ್ಲ," ಎಂದಳು ಹೆಂಡತಿ. ದನಿ ಏರಿಸಲಿಲ್ಲ. "ಅವರು ಹೇಳಿಕೊಟ್ಟಿದ್ದು. ನೋವಿಲ್ಲ ಅಂದ್ರೆ ಸೊನ್ನೆ, ತಡೆಯೋಕೇ ಆಗಲ್ಲ ಅಂದ್ರೆ ಹತ್ತು. ಎಷ್ಟಿದೆ ಅಂತ ದಿನಾ ಕೇಳಿ, ಆಗ ಅವರು ಏನು ಮಾಡ್ತಿದ್ರು ಅನ್ನೋದನ್ನೂ ಬರೆದಿಡಿ, ಔಷಧಿ ಹೆಚ್ಚು ಕಮ್ಮಿ ಮಾಡೋಕೆ ಬೇಕು ಅಂದ್ರು. ಸುಮ್ಮನೆ ಕೇಳಿದ್ರೆ ಅತ್ತೆ ಹೇಳ್ತಿರಲಿಲ್ಲ. ಟಿವಿ ನೋಡ್ತಾ, ನಾನು ಓದಿ ಹೇಳೋದು ಕೇಳ್ತಾ ಇರೋವಾಗ ಕೇಳಿದ್ರೆ ಬಾಯಿ ಜಾರಿ ಹೇಳಿಬಿಡ್ತಿದ್ರು."

ಸಾಹೇಬರ ಕಣ್ಣ ಮುಂದೆ ಏಳನೇ ಪುಟದ ಒಂದೊಂದೇ ಸಾಲು ತಲೆಕೆಳಗಾಗತೊಡಗಿತು. ಅಧ್ಯಾಯದಿಂದ ಅಧ್ಯಾಯಕ್ಕೆ ತೀವ್ರವಾಗುತ್ತಾ ಹೋಗುತ್ತದೆ. ಮಧ್ಯಂತರ ಆದ ಮೇಲೆ ಎಲ್ಲಿಗೋ ಏರುತ್ತದೆ. ಏರಿತ್ತು! ಹಿಂದಿನ ಕೋಣೆಯಲ್ಲಿ ಏರಿತ್ತು, ಇವರು ಸೋಫಾದ ಮೇಲೆ ಗೊರಕೆ ಹೊಡೆಯುತ್ತಿದ್ದರು.

"ಹಾಗಾದ್ರೆ ಆ ಅಂಚೆಯವನ ಸಿನಿಮಾ..."

"ಅದನ್ನ ನಾವು ಪೂರ್ತಿ ನೋಡ್ಲೇ ಇಲ್ಲ. ಅರ್ಧದಲ್ಲಿ ಶುರುವಾಯ್ತು. ಕೂಗಿದ್ರೆ ಅಕ್ಕಪಕ್ಕದವರಿಗೆ ಕೇಳಿಸುತ್ತೆ ಅಂತ ದಿಂಬಿನ ಚೀಲ ಕಚ್ಚಿಕೊಂಡಿದ್ರು. ನಿಮಗೆ ಐದು ಸಲ ಫೋನ್ ಮಾಡಿದೆ."

"ಮೀಟಿಂಗ್..." ಎಂದು ಬಾಯಿ ತೆಗೆದರು ಸಾಹೇಬರು. ಮೀಟಿಂಗ್ ಅಲ್ಲ. ಕ್ಯಾಂಟೀನಿನಲ್ಲಿ ಯಾವುದೋ ಹೊಸ ಸಿನಿಮಾದ ಟ್ರೈಲರ್ ನೋಡುತ್ತಿದ್ದರು, ಫೋನನ್ನು ಸದ್ದಿಲ್ಲದಂತೆ ಮಾಡಿ ಮೇಜಿನ ಮೇಲೆ ಬೋರಲು ಹಾಕಿದ್ದರು.

"ಸಾಯಂಕಾಲ ಬಂದು ಬಾಗಿಲಲ್ಲಿ ನಿಂತು ಹೇಗಿದ್ದೀಯಮ್ಮ ಅಂದ್ರಿ. ಚೆನ್ನಾಗಿದ್ದೀನಿ ಕಣೋ ಅಂದ್ರು. ಆಗ್ಲೂ ಒಂಬತ್ತೇ ಇತ್ತು. ಅವನಿಗೆ ಹೇಳಬೇಡ, ದಣಿದು ಬಂದಿರ್ತಾನೆ ಅಂತ ನನ್ನ ಕೈಲಿ ಆಣೆ ಹಾಕಿಸಿಕೊಂಡಿದ್ರು." ಆಕೆ ಪತ್ರಿಕೆಯ ಮೇಲೆ ಬೆರಳಿಟ್ಟಳು. "ಅಂಕ ಕೊಟ್ಟವಳು ಅಮ್ಮ ಅಂತ ಬರೆದಿದ್ದೀರಲ್ಲ, ಇಡೀ ಪುಟದಲ್ಲಿ ಅದೊಂದು ನಿಜ. ಕೊಟ್ಟಿದ್ದು ಅತ್ತೆನೇ."

ಸಾಹೇಬರಿಗೆ ನಾಚಿಕೆಯಾಯಿತು. ಆದರೂ ಮನುಷ್ಯನ ಬುದ್ಧಿ ನೋಡಿ, ಆ ಹೊತ್ತಿನಲ್ಲೂ ಒಂದು ದಾರಿ ಹುಡುಕಿತು.

"ಮುಂದಿನ ತಿಂಗಳು ಒಂದು ತಿದ್ದುಪಡಿ ಹಾಕಿಸ್ತೀನಿ ಕಣೇ. ಅಂಕಗಳನ್ನ ತಿರುಗಾಮುರುಗಾ ಓದಿಕೊಳ್ಳಬೇಕಾಗಿ ವಿನಂತಿ, ಉಳಿದದ್ದೆಲ್ಲ ಸರಿಯಿದೆ ಅಂತ..."

"ಉಳಿದದ್ದು ಯಾವುದು? ಪಕ್ಕ ಕೂತು ಕೈ ಹಿಡಿದಿದ್ದಾ?"

ಸಾಹೇಬರು ಪತ್ರಿಕೆಯನ್ನು ಇಸಿದುಕೊಂಡು ನಾಲ್ಕಾಗಿ ಮಡಚಿದರು.

"ಆಫೀಸಿನವರು ಏನಾದ್ರೂ ಅಂದ್ಕೊಳ್ಳಲಿ," ಎಂದಳು ಹೆಂಡತಿ. "ಅಕ್ಕ ಪ್ರತಿ ವರ್ಷ ಆ ಸಿನಿಮಾ ನೋಡ್ತಾರಂತಲ್ಲ, ಇಲ್ಲಿಗೂ ಕೇಳಿಸ್ತು. ಅತ್ತೆ ದಿಂಬು ಕಚ್ಚಿಕೊಂಡಿದ್ದ ದಿನಾನ, ಖುಷಿಯಾಗಿದ್ದ ದಿನ ಅಂತ ಅವರು ಪ್ರತಿ ವರ್ಷ ನೋಡ್ಬೇಕಾ?"

ಬೇಡ ಎಂದು ಸಾಹೇಬರಿಗೂ ಗೊತ್ತಿತ್ತು. ಹೇಳಿದರೆ ಅಕ್ಕ ಮತ್ತೆ ದೂರವಾಗುತ್ತಾಳೆ ಎಂದೂ ಗೊತ್ತಿತ್ತು. ಮೂರು ಸಲ ಫೋನ್ ಎತ್ತಿ ಇಟ್ಟರು. ನಾಲ್ಕನೇ ಸಲ ಹೆಂಡತಿಯೇ ನಂಬರ್ ಒತ್ತಿ, ಸ್ಪೀಕರ್ ಹಾಕಿ, ಮೇಜಿನ ಮೇಲಿಟ್ಟಳು.

ಸಾಹೇಬರು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದರು. ನೋಟ್ ಪುಸ್ತಕ, ನಕಲು, ನರ್ಸಮ್ಮ, ಸೊನ್ನೆಯಿಂದ ಹತ್ತರವರೆಗಿನ ನೋವು, ಐದು ಫೋನ್ ಕರೆ. "ನಾನು ಕೂರಲಿಲ್ಲ ಅಕ್ಕಾ. ಬಾಗಿಲಲ್ಲಿ ನಿಲ್ತಿದ್ದೆ ಅಷ್ಟೇ. ಕೈ ಹಿಡಿದಿದ್ದು ಸುಳ್ಳು." ಹೇಳಿ ಮುಗಿಸಿ, ಬೈಗುಳಕ್ಕೆ ಕಾಯುತ್ತಾ ನಿಂತರು.

ಅಕ್ಕ ಬೈಯಲಿಲ್ಲ. "ಅಮ್ಮ ನಕ್ಕಿದ್ದು ಯಾವುದಕ್ಕೆ ಹಾಗಾದ್ರೆ?" ಎಂದಳು.

"ಅವಳಿ ಸೊಸೆಯರ ಧಾರಾವಾಹಿಗೆ."

"ಅದನ್ನೇ ನೀನು ವರ್ಷದ ಕಸ ಅಂತ ಬರೆದಿದ್ದೀಯಲ್ಲೋ!"

"ಹೂಂ."

ಅಕ್ಕ ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ. ಫೋನಿನಲ್ಲಿ ಎರಡೂ ಒಂದೇ ಥರ ಕೇಳಿಸಿತು.

"ಔಷಧಿಗೆ ಮಾತ್ರ ನಾನು ಕಮ್ಮಿ ಮಾಡಿಲ್ಲ ಅಕ್ಕಾ," ಎಂದರು ಸಾಹೇಬರು, ಮುಳುಗುವವರು ಏನಾದರೊಂದನ್ನು ಹಿಡಿದುಕೊಳ್ಳುವಂತೆ. "ನರ್ಸಮ್ಮ ಬರೆದುಕೊಟ್ಟಿದ್ದನ್ನೆಲ್ಲ ಊರಿನ ಮೆಡಿಕಲ್ ಶಾಪೆಲ್ಲ ಅಲೆದು ತಂದಿದ್ದೀನಿ. ಬೇಕಾದ್ರೆ ಇವಳನ್ನೇ ಕೇಳು."

ಹೆಂಡತಿ ಒಳಗೆ ಹೋಗಿ ನೋಟ್ ಪುಸ್ತಕ ತಂದಳು. ಟಾನಿಕ್ ಚೆಲ್ಲಿ ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದವು. ನಕಲು ಮಾಡುವಾಗ ಸಾಹೇಬರು ಅದನ್ನು ಗಮನಿಸಿರಲಿಲ್ಲ. ಆಕೆ ಉಗುರಿನಿಂದ ಮೆಲ್ಲಗೆ ಬಿಡಿಸಿ, ಗಂಡನ ಮುಂದೆ ಹಿಡಿದಳು.

"ಓದಿ. ಅಕ್ಕನಿಗೂ ಕೇಳಿಸ್ಲಿ."

ಸಾಹೇಬರು ಓದಿದರು. "ಜುಲೈ ಹದಿನಾಲ್ಕು. ಕರೆಂಟ್ ಇಲ್ಲ, ಟಿವಿ ಇಲ್ಲ. ಮಗ ಬಂದು ಮಂಚದ ಮೇಲೆ ಕೂತ. ಲಿಫ್ಟಿನಲ್ಲಿ ಸಿಕ್ಕಿಕೊಂಡ ದಪ್ಪ ಮನುಷ್ಯನ ಕಥೆ ಹೇಳಿದ. ಅರ್ಧ ಗಂಟೆ."

ಬಲಗಡೆಯ ಅಂಕಿಯ ಮೇಲೆ ಬೆರಳಿಟ್ಟರು.

"ಎಷ್ಟು ಬರೆದಿದೆಯೋ?" ಎಂದಳು ಅಕ್ಕ.

"ಸೊನ್ನೆ."

"ಸೊನ್ನೆ ಅಂದ್ರೆ... ನೋವೇ ಇರ್ಲಿಲ್ಲಾಂತ?"

"ಹೂಂ."

"ಅಂಥ ಸೊನ್ನೆ ಎಷ್ಟಿವೆ ಒಟ್ಟು?"

"ಅದೊಂದೇ ಅಕ್ಕಾ," ಎಂದಳು ಹೆಂಡತಿ, ಫೋನಿನ ಕಡೆ ಬಾಗಿ. "ನರ್ಸಮ್ಮನೂ ಇದನ್ನ ನೋಡಿ ಆಶ್ಚರ್ಯಪಟ್ರು. ಅವತ್ತು ಯಾವ ಔಷಧಿ ಕೊಟ್ರಿ, ನಾಳೆಯಿಂದ ಅದನ್ನೇ ದಿನಾ ಕೊಡಿ ಅಂದ್ರು."

"ನೀನೇನಂದೆ?"

"ಅದು ಆಫೀಸಿಗೆ ಹೋಗಿದೆ ಅಂದೆ."